ನಮ್ಮ ಗೋಡೆಯ ಹಲ್ಲಿ ಯಾವ ಊರಿನದು?

ಬೀದರಿನ ಗಾಂಧಿ ಗಂಜ್‌ನಲ್ಲಿ ಸಂಜೆ ಅಂಗಡಿಗಳ ದೀಪ ಹತ್ತಿದ ಮೇಲೆ ಒಂದು ಗೋಡೆಯ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಮೊದಲು ಹುಳುಗಳು ಬರುತ್ತವೆ, ಅವುಗಳ ಹಿಂದೆಯೇ ಹಲ್ಲಿಗಳು. ಟ್ಯೂಬ್‌ಲೈಟಿನ ಪಟ್ಟಿಯ ಹಿಂದಿನಿಂದ ಒಂದು, ಅಂಗಡಿಯ ಬೋರ್ಡಿನ ಸಂದಿಯಿಂದ ಇನ್ನೊಂದು. ದೊಡ್ಡದು ದೀಪಕ್ಕೆ ಹತ್ತಿರದ ಜಾಗ ಹಿಡಿಯುತ್ತದೆ, ಸಣ್ಣವು ಅಂಚಿನ ಕತ್ತಲಲ್ಲಿ ಕಾಯುತ್ತವೆ. ಅಷ್ಟರಲ್ಲಿ ಯಾವುದಾದರೂ ಲೊಚಗುಟ್ಟಿದರೆ, ಆಡಿದ ಮಾತಿಗೆ ಸಾಕ್ಷಿ ಸಿಕ್ಕಿತೆನ್ನುವ ಹಿರಿಯರು ಈಗಲೂ ಇದ್ದಾರೆ. ಮೈಮೇಲೆ ಎಲ್ಲಿ ಬಿದ್ದರೆ ಏನು ಫಲವೆಂದು ಪಂಚಾಂಗದಲ್ಲಿ ಪಟ್ಟಿಯೇ ಇದೆ. ಇಷ್ಟು ಕಾಲ ಒಂದೇ ಸೂರಿನಡಿ ಬಾಳಿದ ಈ ಜೀವಿ ಯಾವ ಜಾತಿಯದು, ಎಲ್ಲಿಯದು ಎಂದು ಮಾತ್ರ ನಾವು ಕೇಳಿಕೊಂಡದ್ದು ಕಡಿಮೆ.

ಕೇಳಬೇಕಾದ ಕಾರಣವಿದೆ. ಮನೆಯ ಹಲ್ಲಿಗಳೆಲ್ಲ ಒಂದೇ ಅಲ್ಲ. ಹೆಮಿಡ್ಯಾಕ್ಟೈಲಸ್ ಫ್ರೆನಾಟಸ್ ಎಂಬುದು 1836ರಲ್ಲಿ ಹೆಸರು ಪಡೆದ ಜಾತಿ. ಅದರ ಬಾಲದ ಮೇಲೆ ಸಣ್ಣ ಮುಳ್ಳುಗಳು ಬಳೆಬಳೆಯಾಗಿ ಕೂತಿರುತ್ತವೆ, ಲೊಚಗುಟ್ಟುವುದರಲ್ಲೂ ಅದು ಜೋರು. ದಕ್ಷಿಣ ಮತ್ತು ಆಗ್ನೇಯ ಏಷ್ಯಾ ಅದರ ಮೂಲನೆಲೆ. ಉತ್ತರ ಭಾರತದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಹೆಮಿಡ್ಯಾಕ್ಟೈಲಸ್ ಫ್ಲಾವಿವಿರಿಡಿಸ್: ಮೈಕಟ್ಟು ತುಸು ದೊಡ್ಡದು, ಬೆನ್ನು ನುಣುಪು, ಹೊಟ್ಟೆ ಹಳದಿ. ಇವೆರಡೂ ಮನುಷ್ಯರ ಸಾಮಾನಿನ ಜೊತೆ ಊರು ಬದಲಿಸುವ ಜೀವಿಗಳು. ಹೆಣ್ಣು ಗಟ್ಟಿ ಚಿಪ್ಪಿನ ಎರಡೇ ಮೊಟ್ಟೆಗಳನ್ನು ಸಂದಿಯಲ್ಲಿಡುತ್ತದೆ. ಪೆಟ್ಟಿಗೆಯೊಳಗೆ, ಮರದ ಸಾಮಾನಿನ ನಡುವೆ ಆ ಮೊಟ್ಟೆಗಳು ದೂರ ಸಾಗಬಲ್ಲವು. ಫ್ರೆನಾಟಸ್‌ನ ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟುಕೊಳ್ಳುವುದರಿಂದ ಒಂದೇ ಹೆಣ್ಣು ಲಾರಿ ಹತ್ತಿ ಬಂದರೂ ಹೊಸ ಊರಿನಲ್ಲಿ ಸಂಸಾರ ಶುರುವಾಗುತ್ತದೆ.

ಫ್ರೆನಾಟಸ್ ಹಡಗು ಹತ್ತಿ ಪೆಸಿಫಿಕ್ ದ್ವೀಪಗಳನ್ನು ಸೇರಿದ ಮೇಲೆ ನಡೆದದ್ದನ್ನು ವಿಜ್ಞಾನಿಗಳು ಬಿಡಿಸಿ ನೋಡಿದ್ದಾರೆ. ಅಲ್ಲಿನ ಮನೆಗಳಲ್ಲಿ ಮೊದಲು ಇದ್ದದ್ದು ಗಂಡೇ ಇಲ್ಲದೆ ಹೆಣ್ಣುಗಳಷ್ಟೇ ಸಂತಾನ ಬೆಳೆಸುವ ಒಂದು ಸಣ್ಣ ಹಲ್ಲಿ. ಫ್ರೆನಾಟಸ್ ಬಂದ ಊರುಗಳಲ್ಲಿ ಅದರ ಸಂಖ್ಯೆ ಇಳಿಯಿತು. ಕೆನೆತ್ ಪೆಟ್ರೆನ್, ಟೆಡ್ ಕೇಸ್ ಮತ್ತು ಸಂಗಡಿಗರು 1993ರಿಂದ ಇದರ ಬಗ್ಗೆ ಬರೆದರು. ಅವರ ಪ್ರಯೋಗಗಳು ನಡೆದದ್ದು ಹವಾಯಿಯ ಹಳೆಯ ವಿಮಾನ ಹ್ಯಾಂಗರ್‌ಗಳಲ್ಲಿ. ಹ್ಯಾಂಗರ್ ಅಂದರೇನೆಂದು ವಾಯುನೆಲೆಯಿರುವ ಬೀದರಿನವರಿಗೆ ವಿವರಿಸಬೇಕಿಲ್ಲ. ನುಣುಪಾದ ಬೋಳು ಗೋಡೆ, ನಡುವೆ ಒಂದು ದೀಪ, ಅದರ ಸುತ್ತ ಹುಳುಗಳ ರಾಶಿ: ಇಷ್ಟಿದ್ದರೆ ದೊಡ್ಡ, ಚುರುಕು ಫ್ರೆನಾಟಸ್ ಊಟವನ್ನೆಲ್ಲ ಬಾಚುತ್ತದೆ, ಸಣ್ಣದು ಸೊರಗುತ್ತದೆ. ಅದೇ ಗೋಡೆಗೆ ಅಡ್ಡಪಟ್ಟಿಗಳನ್ನು ಜೋಡಿಸಿ ಏರುತಗ್ಗು ಮಾಡಿದಾಗ ಫ್ರೆನಾಟಸ್‌ನ ಮೇಲುಗೈ ಕುಗ್ಗಿತು. ಈ ಸಂಶೋಧನೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ. ಹಲ್ಲಿ ಬಂದದ್ದು ಅರ್ಧ ಕತೆ, ಅದಕ್ಕೆ ನಾವು ಕಟ್ಟಿಕೊಟ್ಟ ಗೋಡೆ ಮತ್ತು ಹಚ್ಚಿಟ್ಟ ದೀಪ ಉಳಿದರ್ಧ.

ಮಾರಿಷಸ್‌ನಲ್ಲಿ ಹಾನಿ ಇನ್ನೂ ಗಾಢ. ಅಲ್ಲಿನ ನ್ಯಾಕ್ಟಸ್ ಎಂಬ ಇರುಳು ಹಲ್ಲಿಗಳು ಈಗ ಕರಾವಳಿಯಾಚೆಯ ಕೆಲವು ನಡುಗಡ್ಡೆಗಳಿಗೆ ಸೀಮಿತ. ಅವಕ್ಕೆ ಅಂಟುವ ಪಾದಗಳಿಲ್ಲ, ಉಗುರುಗಳಷ್ಟೇ. ಪುಡಿಯಾಗಿ ಉದುರುವ ಜ್ವಾಲಾಮುಖಿ ಬೂದಿಗಲ್ಲಿನ ಮೇಲೆ ಫ್ರೆನಾಟಸ್‌ನ ಅಂಟುಪಾದ ಹಿಡಿತ ತಪ್ಪುತ್ತದೆ, ಉಗುರಿನ ಹಲ್ಲಿ ನಿಲ್ಲುತ್ತದೆ.

ನಮ್ಮ ಬೇಲಿಯ ಓತಿಕ್ಯಾತನೂ ಪರದೇಶದಲ್ಲಿ ಇಂಥದೇ ಹೆಸರು ಪಡೆದಿದೆ. ಮಳೆಗಾಲದ ಹೊತ್ತಿಗೆ ತಲೆ ಕೆಂಪಾಗಿಸಿಕೊಂಡು ದಂಡ ಹೊಡೆಯುವ ಈ ಓತಿ ಮತ್ತು ಅದರ ಹತ್ತಿರದ ಬಂಧುಗಳು ಸಿಂಗಪುರ, ಮಾಲ್ಡೀವ್ಸ್, ಮಾರಿಷಸ್‌ಗಳಲ್ಲಿ ನೆಲೆಯೂರಿವೆ. 1980ರ ದಶಕದಲ್ಲಿ ಸಿಂಗಪುರಕ್ಕೆ ಬಂದ ಮೇಲೆ ಅಲ್ಲಿನ ಹಸಿರು ಓತಿ ತೋಟ, ರಸ್ತೆಬದಿಗಳನ್ನು ಬಿಟ್ಟುಕೊಟ್ಟು ಕಾಡಿನ ಕಡೆ ಸರಿಯಿತು.

ಈಗ ಬೀದರ್, ಭಾಲ್ಕಿ, ಔರಾದ್‌ಗೆ ಬರೋಣ. ಉತ್ತರದ ಹಲ್ಲಿ ಫ್ಲಾವಿವಿರಿಡಿಸ್ ಸಾಮಾನಿನ ಜೊತೆ ದಕ್ಷಿಣಕ್ಕೆ ಇಳಿಯುವ ಬಗೆಯನ್ನು ಅಳೆಯಲು ಇವಕ್ಕಿಂತ ಒಳ್ಳೆಯ ಮೂರು ಊರುಗಳನ್ನು ನಾನು ಆರಿಸಲಾರೆ. ಬೀದರಿಗೆ ರೈಲೂ ಉಂಟು, ದೊಡ್ಡ ಮಾರುಕಟ್ಟೆಯೂ ಉಂಟು. 2017ರಿಂದ ಕಲಬುರಗಿಗೂ ಹಳಿ ಕೂಡಿದೆ. ಭಾಲ್ಕಿ ಇರುವುದು ವಿಕಾರಾಬಾದ್–ಪರಳಿ ಮಾರ್ಗದಲ್ಲಿ, ಅಲ್ಲಿಂದ ಉದಗೀರ್ ಕಡೆಗೆ ನೇರ ದಾರಿ. ಔರಾದ್ ಪಟ್ಟಣಕ್ಕೆ ರೈಲಿಲ್ಲ, ಕರ್ನಾಟಕದ ಉತ್ತರದ ತುದಿಯ ಆ ತಾಲ್ಲೂಕಿಗೆ ಸಾಮಾನು ಬರುವುದು ರಸ್ತೆಯಲ್ಲಿ. ಮೂರೂ ಕಡೆ ಒಂದೇ ಬಗೆಯಲ್ಲಿ ಎಣಿಸಿದರೆ ಹಳಿ, ಲಾರಿ, ಗೋದಾಮುಗಳಲ್ಲಿ ಯಾವುದು ಯಾವ ಹಲ್ಲಿಯನ್ನು ಹೊತ್ತು ತರುತ್ತದೆಂದು ತಿಳಿಯುತ್ತದೆ.

ಈ ಲೆಕ್ಕವನ್ನು ಕಾನೂನು ಇಟ್ಟುಕೊಡುವುದಿಲ್ಲ. 2022ರಲ್ಲಿ ತಿದ್ದಿದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಕ್ರಮಣಕಾರಿ ಅನ್ಯದೇಶೀಯ ಪ್ರಭೇದಗಳ ಹತೋಟಿಗೆ ಅಧಿಕಾರ ಕೊಟ್ಟಿದೆ. ಆದರೆ ಅನ್ಯ ಎಂದರೆ ಭಾರತದ್ದಲ್ಲದ್ದು ಎಂಬುದು ಅದರ ವ್ಯಾಖ್ಯೆ. ಸಾಕಲೆಂದು ತರಿಸುವ ಹಸಿರು ಇಗುವಾನಾ ಆ ಮಾತಿನೊಳಗೆ ಬರಬಹುದು, ದೇಶದೊಳಗೇ ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾಗಿದ ಹಲ್ಲಿ ಬಾರದು. ಪ್ರಾಣಿಗೆ ನಮ್ಮ ನಕ್ಷೆಯ ಗೆರೆ ತಿಳಿಯದು. ಅದಕ್ಕೆ ತಿಳಿದಿರುವುದು ನೆಲ, ಬಿಸಿಲು, ಸಂದಿ, ಹುಳು.

ಇಲ್ಲಿನ ಮುರುಕಲ್ಲಿನ ಬಯಲು, ಕುರುಚಲು, ಬೀಳು ನೆಲಗಳಿಗೆ ತಮ್ಮವೇ ಆದ ಜೀವಿಗಳಿವೆ. ದಖ್ಖನಿನ ಬಯಲುಗಳಲ್ಲಿ ಗಂಟಲಿನ ಬೀಸಣಿಗೆ ಬಿಚ್ಚಿ ಹೆಣ್ಣನ್ನು ಕರೆಯುವ ಓತಿಗಳಿವೆ. 2016ರಲ್ಲಿ ಅವುಗಳಲ್ಲಿ ಕೆಲವನ್ನು ಬೇರ್ಪಡಿಸಿ ಸರಡಾ ಎಂಬ ಹೊಸ ಕುಲ ಮಾಡಿದರು. ಹುತ್ತಗಳ ಆಸುಪಾಸಿನಲ್ಲಿ ಗೆದ್ದಲು ತಿಂದು ಬದುಕುವ ಹೆಮಿಡ್ಯಾಕ್ಟೈಲಸ್ ಟ್ರಯೆಡ್ರಸ್ ಮನೆಯ ಹಲ್ಲಿಯ ಬಂಧುವೇ, ಆದರೆ ನೆಲದ ಹಲ್ಲಿ. ಅದನ್ನು ಹುತ್ತದ ಹಲ್ಲಿ ಎನ್ನಬಹುದು. ಬಯಲಿನ ಅಂಚಿನಲ್ಲಿ ಲೇಔಟ್ ಎದ್ದು ಬೀದಿದೀಪ ಹತ್ತಿದ ದಿನ ಮನೆಯ ಹಲ್ಲಿಗೆ ಹ್ಯಾಂಗರ್ ತೆರೆದಂತೆ, ಹುತ್ತದ ಹಲ್ಲಿಗೆ ನೆಲ ಕಿರಿದಾದಂತೆ.

ಎಣಿಕೆಯಿಂದ ಏನು ಹೊರಬೀಳಬಹುದು ಎನ್ನುವುದಕ್ಕೆ ನೆರೆಯಲ್ಲೇ ಸಾಕ್ಷಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥಾಕರ್ ತಂಡ ಸಾತಾರದ ಚಾಲ್ಕೇವಾಡಿಯಲ್ಲಿ ಬೀಸಣಿಗೆ ಓತಿಗಳನ್ನು ಅಳೆದು 2018ರಲ್ಲಿ ಪ್ರಕಟಿಸಿತು. ಗಾಳಿಯಂತ್ರಗಳಿದ್ದ ಕಡೆ ಹದ್ದು, ಡೇಗೆಗಳು ಕಡಿಮೆಯಾಗಿ ಓತಿಗಳು ಹೆಚ್ಚಿದ್ದವು, ಆದರೆ ಅವುಗಳ ಮೈ ಸೊರಗಿತ್ತು. ತಲೆ ಎಣಿಸಿ ಬಿಟ್ಟಿದ್ದರೆ ಓತಿಗಳಿಗೆ ಒಳ್ಳೆಯ ಕಾಲ ಬಂದಿದೆ ಎಂದೇ ಬರೆದುಕೊಳ್ಳಬೇಕಾಗುತ್ತಿತ್ತು. ಫ್ಲಾರಿಡಾದಲ್ಲಿ ಇನ್ನೊಂದು ಪಾಠ: 1995ರಲ್ಲಿ ಕೆಲವು ನಡುಗಡ್ಡೆಗಳಿಗೆ ಹೊರಗಿನ ಕಂದು ಅನೋಲ್ ಓತಿಯನ್ನು ಬಿಟ್ಟು ನೋಡಿದಾಗ ಮೂಲದ ಹಸಿರು ಓತಿಗಳು ಮರದ ಮೇಲ್ಗೊಂಬೆಗೆ ಏರಿದವು. ಸುಮಾರು 20 ತಲೆಮಾರುಗಳಲ್ಲಿ ಅವುಗಳ ಅಂಟುಪಾದಗಳೂ ಹಿಗ್ಗಿದವು. ಮೊದಲಿನ ಅಳತೆ ಕೈಯಲ್ಲಿದ್ದದ್ದರಿಂದಲೇ ಈ ಬದಲಾವಣೆ ಗೊತ್ತಾದದ್ದು.

ಮೊದಲಿನ ಅಳತೆಗೆ ಬೇಕಾದ ಸಲಕರಣೆ ಒಂದು ಟಾರ್ಚು, ಒಂದು ನೋಟ್‌ಬುಕ್ಕು, ಫೋನಿನ ಕ್ಯಾಮೆರಾ. ಭಾಲ್ಕಿಯ ಶಾಲೆಯ ಮಕ್ಕಳೂ ಮಾಡಬಹುದು. ಸ್ಟೇಷನ್ನಿನ ಹತ್ತಿರ ಎರಡು, ಪೇಟೆಯಲ್ಲಿ ಎರಡು, ಊರ ಹೊರಗೆ ಎರಡು ಗೋಡೆಗಳನ್ನು ಗೊತ್ತುಮಾಡಿಕೊಳ್ಳಬೇಕು. ಕತ್ತಲಾಗಿ ಒಂದು ಗಂಟೆಯ ಮೇಲೆ ದಿನವೂ ಅದೇ ಹೊತ್ತಿಗೆ, ಅಷ್ಟೇ ನಿಮಿಷ ಎಣಿಸಬೇಕು. ದೀಪದ ಬಗೆ, ಗೋಡೆ ನುಣುಪೋ ಒರಟೋ ಎಂಬುದನ್ನು ಬರೆಯಬೇಕು. ಬಾಲದ ಮುಳ್ಳು ಮತ್ತು ಹೊಟ್ಟೆಯ ಬಣ್ಣ ಕಾಣುವಂತೆ ಫೋಟೋ ಹಿಡಿಯಬೇಕು. ಹಲ್ಲಿಯನ್ನು ಹಿಡಿಯುವುದು ಬೇಡ, ಅಂಟುಬಲೆಯಂತೂ ಬೇಡವೇ ಬೇಡ. ಊರ ಹೊರಗಿನ ಬಯಲಿನಲ್ಲಿ ಹಗಲು ಒಂದೇ ದಾರಿಯಲ್ಲಿ ನಡೆದು ಓತಿಗಳ ಲೆಕ್ಕ ಬೇರೆ ಇಡಬೇಕು.

ಒಂದು ರಾತ್ರಿ ಕಾಣಲಿಲ್ಲವೆಂದು ಇಲ್ಲವೆಂದು ಬರೆಯಬಾರದು. ಇರುವ ಹಲ್ಲಿ ಒಂದು ರಾತ್ರಿ ಕಣ್ಣಿಗೆ ಬೀಳುವ ಸಾಧ್ಯತೆ ಅರ್ಧವೆಂದುಕೊಂಡರೆ, ಮೂರು ರಾತ್ರಿಯೂ ತಪ್ಪಿಸಿಕೊಳ್ಳುವ ಸಾಧ್ಯತೆ ಎಂಟರಲ್ಲಿ ಒಂದು, ಐದು ರಾತ್ರಿಯಾದರೆ ಮೂವತ್ತೆರಡರಲ್ಲಿ ಒಂದು. ಹಾಗಾಗಿ ಒಂದೇ ಗೋಡೆಗೆ ಐದು ರಾತ್ರಿ ಹೋಗಬೇಕು. ಬೇಸಿಗೆಯಲ್ಲಿ ಒಮ್ಮೆ ಎಣಿಸಿ, ಮುಂಗಾರು ಹಿಡಿದ ಮೇಲೆ ಮತ್ತೆ ಎಣಿಸಬೇಕು. ಮೊದಲ ಮಳೆಯ ಮರುರಾತ್ರಿ ಈಸಲು ಹುಳು ಏಳುತ್ತವೆ, ಆ ರಾತ್ರಿ ಎಲ್ಲೆಲ್ಲಿಂದಲೋ ಹಲ್ಲಿಗಳು ದೀಪದ ಕೆಳಗೆ ಬಂದು ಸೇರುತ್ತವೆ. ಆ ದಿನದ ಸಾಲಿನ ಪಕ್ಕದಲ್ಲಿ 'ಈಸಲು ಎದ್ದಿತ್ತು' ಎಂದು ಮರೆಯದೆ ಬರೆದಿಡಿ.