ಬಿಡದ ಮಳೆ, ಚಾಕ್ ಹಿಡಿಯದ ಟಿಪ್

1835ರಲ್ಲಿ ಪ್ಯಾರಿಸ್‌ನ ಗಣಿತಜ್ಞ ಗಾಸ್ಪಾರ್ ಗುಸ್ತಾವ್ ಕೊರಿಯೊಲಿಸ್ ಎರಡು ಬರಹಗಳನ್ನು ಪ್ರಕಟಿಸಿದ. ಒಂದು, ತಾನೇ ತಿರುಗುತ್ತಿರುವ ವ್ಯವಸ್ಥೆಯೊಳಗೆ ಚಲಿಸುವ ವಸ್ತುಗಳ ದಾರಿ ಹೇಗೆ ಓರೆಯಾಗುತ್ತದೆ ಎಂಬ ಲೆಕ್ಕ. ಸಮಭಾಜಕ ವೃತ್ತ ದಾಟಿ ಉತ್ತರಕ್ಕೆ ಬರುವ ಗಾಳಿ ಬಲಕ್ಕೆ ಹೊರಳಿ ನೈರುತ್ಯ ಮುಂಗಾರಾಗಿ ಪಶ್ಚಿಮಘಟ್ಟಕ್ಕೆ ಬಂದು ಅಪ್ಪಳಿಸುವುದು ಏಕೆ ಎಂಬುದನ್ನು ಹವಾಮಾನ ತಜ್ಞರು ಇಂದಿಗೂ ಅವನ ಹೆಸರಿನಲ್ಲೇ ವಿವರಿಸುತ್ತಾರೆ. ಇನ್ನೊಂದು, ಬಿಲಿಯರ್ಡ್ಸ್ ಆಟದ ಗಣಿತದ ಬಗ್ಗೆ ಬರೆದ ಇಡೀ ಒಂದು ಪುಸ್ತಕ. ಹೊಡೆಯುವ ಕೋಲು, ಅಂದರೆ ಕ್ಯೂ, ತಗುಲಿದ ಚೆಂಡು ಎಷ್ಟು ಉರುಳುತ್ತದೆ, ಎಷ್ಟು ತಿರುಗುತ್ತದೆ, ಬಟ್ಟೆಯ ಮೇಲೆ ಅದರ ದಾರಿ ಎಲ್ಲಿ ಬಾಗುತ್ತದೆ ಎಂಬುದೆಲ್ಲ ಅದರಲ್ಲಿದೆ.

ಈ ಎರಡು ಲೆಕ್ಕಗಳೂ ಒಂದೇ ಕೋಣೆಯಲ್ಲಿ ಎದುರಾಗಬೇಕಾದರೆ ಜುಲೈ ತಿಂಗಳಲ್ಲಿ ನಮ್ಮ ಕಾಫಿ ಸೀಮೆಯ ಯಾವುದಾದರೂ ಬಿಲಿಯರ್ಡ್ಸ್ ಮೇಜಿನ ಪಕ್ಕ ನಿಲ್ಲಬೇಕು. ಆಟ ಇಲ್ಲಿಗೆ ಬಂದದ್ದು ಬ್ರಿಟಿಷ್ ಪ್ಲಾಂಟರ್‌ಗಳ ಜೊತೆ. ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದ ಕಾಲದ ಗುರುತು ಇಲ್ಲಿನ ಕಡೂರು ಕ್ಲಬ್ಬಿನ ಹೆಸರಿನಲ್ಲಿ ಈಗಲೂ ಉಳಿದಿದೆ. ಅದೇ ಮೇಜಿನ ಮೇಲೆ ಆಡುವ ಸ್ನೂಕರ್ ಹುಟ್ಟಿದ್ದಂತೂ ಭಾರತದಲ್ಲೇ. 1875ರಲ್ಲಿ ಜಬಲ್ಪುರದ ಸೇನಾಧಿಕಾರಿಗಳ ಮೆಸ್‌ನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಶುರುಮಾಡಿದ ಆಟಕ್ಕೆ ಮುಂದೆ ಊಟಿ ಕ್ಲಬ್ಬಿನಲ್ಲಿ ನಿಯಮಗಳು ಗಟ್ಟಿಯಾದವು. ಅಲ್ಲಿಂದ ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆಲ್ಲುವವರೆಗಿನದು ದೊಡ್ಡ ಕತೆ. ಈಗ ಪೇಟೆಗಳಲ್ಲಿ ಪೂಲ್ ಮೇಜುಗಳೂ ಬಂದಿವೆ. ಆಟ ಯಾವುದಾದರೂ ಇರಲಿ, ಮಳೆಗಾಲದಲ್ಲಿ ಆಡುವವರ ದೂರು ಒಂದೇ: ಕ್ಯೂವಿನ ತುದಿಗೆ ಹಚ್ಚುವ ಚಾಕ್ ಹಿಡಿಯುತ್ತಿಲ್ಲ, ಕ್ಯೂ ಜಾರುತ್ತಿದೆ. ಹೆಚ್ಚಿನವರು ಬೈಯುವುದು ಚಾಕನ್ನು. ಒಂದು ಬಿಟ್ಟು ಇನ್ನೊಂದು ಕಂಪನಿಯ ಚಾಕ್ ತರಿಸಿ ನೋಡುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಹತ್ತರಲ್ಲಿ ಒಂಬತ್ತು ಸಲ ದೋಷ ಚಾಕಿನದಲ್ಲ, ಅದರ ಕೆಳಗಿರುವ ಚರ್ಮದ್ದು.

ಟಿಪ್ ಎಂದರೆ ಕ್ಯೂವಿನ ತುದಿಗೆ ಅಂಟಿಸಿದ ಚರ್ಮದ ಪುಟ್ಟ ಗುಂಡಿ. ಸ್ನೂಕರ್ ಕ್ಯೂವಿನಲ್ಲಿ ಅದರ ಅಗಲ ಒಂಬತ್ತರಿಂದ ಹತ್ತು ಮಿಲಿಮೀಟರ್, ಪೂಲ್ ಕ್ಯೂವಿನಲ್ಲಿ ಸುಮಾರು ಹದಿಮೂರು. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಕ್ಯೂವಿಗೆ ಬರಿ ಮರದ ತುದಿಯೇ ಇತ್ತು. ಚೆಂಡಿನ ನಟ್ಟನಡುವೆ ಹೊಡೆದರಷ್ಟೇ ಕ್ಷೇಮ, ಸ್ವಲ್ಪ ಪಕ್ಕಕ್ಕೆ ಹೊಡೆದರೆ ಜಾರುತ್ತಿತ್ತು. ತುದಿಗೆ ಚರ್ಮ ಕಟ್ಟಿದರೆ ಚೆಂಡನ್ನು ಬೇಕಾದಂತೆ ತಿರುಗಿಸಬಹುದೆಂದು ತೋರಿಸಿಕೊಟ್ಟವನು ಫ್ರಾನ್ಸಿನ ಕ್ಯಾಪ್ಟನ್ ಫ್ರಾನ್ಸ್ವಾ ಮಿಂಗೋ. ಅವನ ಪುಸ್ತಕ 1827ರಲ್ಲಿ ಬಂತು.

ಚಾಕ್ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಚೆಂಡಿನ ನಡುವಿನಿಂದ ಪಕ್ಕಕ್ಕೆ ಸರಿದು ಹೊಡೆದಷ್ಟೂ ಟಿಪ್ ಚೆಂಡನ್ನು ಹೆಚ್ಚು ಓರೆಯಾಗಿ ಮುಟ್ಟುತ್ತದೆ. ಅಲ್ಲಿ ಜಾರದೆ ನಿಲ್ಲುವುದು ಘರ್ಷಣೆಯ ಬಲದಿಂದ ಮಾತ್ರ. ಚೆನ್ನಾಗಿ ಚಾಕ್ ಹಚ್ಚಿದ ಟಿಪ್ಪಿಗೂ ಚೆಂಡಿಗೂ ನಡುವಿನ ಘರ್ಷಣಾಂಕ ಸುಮಾರು 0.6. ಇದರ ಪ್ರಕಾರ ಮೂವತ್ತು ಡಿಗ್ರಿಗಿಂತ ತುಸು ಹೆಚ್ಚಿನ ಓರೆಯವರೆಗೂ ಟಿಪ್ ಜಾರುವುದಿಲ್ಲ. ಸ್ನೂಕರ್ ಚೆಂಡಿನ ವ್ಯಾಸ 52.5 ಮಿಲಿಮೀಟರ್. ಅದರಲ್ಲಿ ಈ ಕೋನವೆಂದರೆ ನಡುವಿನಿಂದ ಸುಮಾರು ಹದಿಮೂರೂವರೆ ಮಿಲಿಮೀಟರ್ ದೂರ. ಇದೇ ಘರ್ಷಣೆ ಅರ್ಧಕ್ಕೆ ಇಳಿದರೆ ಆ ದೂರ ಏಳೂವರೆ ಮಿಲಿಮೀಟರಿಗೆ ಕುಗ್ಗುತ್ತದೆ. ಸೈಡ್ (ಚೆಂಡಿಗೆ ಪಕ್ಕದ ತಿರುಗು) ಕೊಡಲು, ಬಿಳಿ ಚೆಂಡನ್ನು ಹಿಂದಕ್ಕೆ ಎಳೆಯಲು ಆಟಗಾರನ ಕೈಯಲ್ಲಿರುವ ಜಾಗವೆಲ್ಲ ಇಷ್ಟೇ. ಟಿಪ್ ಹದಗೆಟ್ಟರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ನಿನ್ನೆ ಸಲೀಸಾಗಿ ಬಂದ ಹೊಡೆತ ಇವತ್ತು ಟಕ್ಕೆಂದು ಜಾರುವುದು ಕೈ ಕೆಟ್ಟದ್ದರಿಂದಲೇ ಆಗಬೇಕಿಲ್ಲ.

ಚಾಕ್ ಎಂದು ಕರೆದರೂ ಇದು ಶಾಲೆಯ ಬಳಪದ ಸುಣ್ಣವಲ್ಲ. ಮೊದಮೊದಲು ಸುಣ್ಣದ ಪುಡಿಯನ್ನೇ ಬಳಸುತ್ತಿದ್ದರು. ಈಗಿನ ರೂಪ ಬಂದದ್ದು 1897ರಲ್ಲಿ, ಅಮೆರಿಕದ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನಶಾಸ್ತ್ರಜ್ಞ ವಿಲಿಯಂ ಹಾಸ್ಕಿನ್ಸ್ ಪಡೆದ ಪೇಟೆಂಟಿನಿಂದ. ಅದರಲ್ಲಿದ್ದದ್ದು ಮುಖ್ಯವಾಗಿ ಸಿಲಿಕಾ, ಜೊತೆಗೆ ಅಲ್ಯೂಮಿನಿಯಂ ಆಕ್ಸೈಡಿನಂಥ ಗಟ್ಟಿ ಹರಳುಪುಡಿ, ಅವನ್ನು ಹಿಡಿದಿಡುವ ಅಂಟು, ಬಣ್ಣ. ಮೂಲೆ ಮೊನೆಗಳಿರುವ ಈ ಕಣಗಳು ಚರ್ಮದ ನಾರುಗಳ ನಡುವೆ ಸಿಕ್ಕಿಕೊಂಡು, ಹೊರಗೆ ಉಳಿದ ಮೊನೆಯಿಂದ ನಯವಾದ ಚೆಂಡನ್ನು ಕಚ್ಚಿ ಹಿಡಿಯುತ್ತವೆ. ಸಿಕ್ಕಿಕೊಳ್ಳುವುದು ಎಂಬ ಮಾತಿನಲ್ಲೇ ಎಲ್ಲ ಇದೆ. ಸಿಕ್ಕಿಕೊಳ್ಳಲು ನಾರು ಬೇಕು, ನಾರುಗಳ ನಡುವೆ ಸಂದು ಬೇಕು.

ಆ ಸಂದು ಏಕೆ ಮುಚ್ಚುತ್ತದೆ? ಸ್ವಲ್ಪ ಜೋರಾದ ಹೊಡೆತದಲ್ಲಿ ಚೆಂಡು ಸೆಕೆಂಡಿಗೆ ಐದು ಮೀಟರ್ ವೇಗ ಪಡೆಯುತ್ತದೆ ಎನ್ನೋಣ. ಚೆಂಡಿನ ತೂಕ ಸುಮಾರು 140 ಗ್ರಾಂ, ಟಿಪ್ ಚೆಂಡಿಗೆ ತಾಗಿರುವುದು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಮಾತ್ರ. ಲೆಕ್ಕ ಹಾಕಿದರೆ ಸರಾಸರಿ ಬಲ 700 ನ್ಯೂಟನ್ ಬರುತ್ತದೆ. ಅಂದರೆ ಎಪ್ಪತ್ತು ಕಿಲೋ ತೂಕದ ಒಬ್ಬ ಮನುಷ್ಯ ಆ ಕೆಲವೇ ಮಿಲಿಮೀಟರ್ ಚರ್ಮದ ಮೇಲೆ ನಿಂತಷ್ಟು ಒತ್ತಡ. ಇಂಥ ನೂರಾರು ಹೊಡೆತ ಬಿದ್ದ ಮೇಲೆ ಮೇಲ್ಪದರದ ನಾರುಗಳು ಮಲಗಿ, ಒಂದಕ್ಕೊಂದು ಅಂಟಿ, ಹಳೆಯ ಚಾಕ್ ಪುಡಿಯೂ ಸೇರಿ ಹೊಳೆಯುವ ಗಟ್ಟಿ ಸಿಪ್ಪೆಯಾಗುತ್ತದೆ. ಕ್ಲಬ್ಬಿನಲ್ಲಿ ಅಂಕ ಎಣಿಸಿ ಮೇಜು ನೋಡಿಕೊಳ್ಳುವ ಮಾರ್ಕರ್‌ಗಳು ಇದನ್ನು ‘ಗ್ಲೇಜ್ ಆಗಿದೆ ಸಾರ್’ ಎನ್ನುತ್ತಾರೆ. ಇಂಥ ಟಿಪ್ಪಿಗೆ ಎಷ್ಟು ಚಾಕ್ ಉಜ್ಜಿದರೂ ಅದು ಮೇಲೆ ಕೂತಿರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಮೊದಲ ಹೊಡೆತಕ್ಕೇ ಉದುರಿ ಬಟ್ಟೆಯ ಮೇಲೆ ನೀಲಿ ಚುಕ್ಕೆಯಾಗಿ ಬೀಳುತ್ತದೆ.

ಇಷ್ಟು ಎಲ್ಲ ಊರಿನ ಕತೆ. ಮಲೆನಾಡಿನ ಕತೆಯಲ್ಲಿ ತೇವವೂ ಸೇರುತ್ತದೆ. ಕೊಟ್ಟಿಗೆಹಾರ, ಕಳಸದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ವಾರಗಟ್ಟಲೆ ಬಿಡುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಚಪ್ಪಲಿ, ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಟಿಪ್ ಕೂಡ ಅದೇ ಜಾತಿಯ ವಸ್ತು. ಚರ್ಮವೆಂದರೆ ಕೊಲ್ಯಾಜೆನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆ, ಆ ಪ್ರೋಟೀನಿಗೆ ನೀರಿನ ಮೇಲೆ ಒಲವು ಹೆಚ್ಚು. ಕಣದಲ್ಲಿ ಚೆನ್ನಾಗಿ ಒಣಗಿಸಿ ಚೀಲಕ್ಕೆ ತುಂಬಿದ ಕಾಫಿ ಬೀಜ ಮಳೆಗಾಲದ ಗಾಳಿ ತಾಗಿದರೆ ಮತ್ತೆ ತೇವ ಎಳೆದುಕೊಂಡು ಬಿಳಿಚಿಕೊಳ್ಳುವುದನ್ನು ತೋಟದವರು ಬಲ್ಲರು. ಚರ್ಮ ಮಾಡುವುದೂ ಅದನ್ನೇ. ಸುತ್ತಲಿನ ಗಾಳಿಯ ತೇವ ಏರಿದಂತೆ ತಾನೂ ಏರಿಸಿಕೊಂಡು ಉಬ್ಬಿ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಎಪ್ಪತ್ತು ಕಿಲೋ ಒತ್ತಡಕ್ಕೆ ಬೇಗ ಮಣಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬಾಳುವ ಆಕಾರ ಮಳೆಗಾಲದಲ್ಲಿ ಬೇಗನೆ ಚಪ್ಪಟೆಯಾಗಿ, ಅಂಚು ಕ್ಯೂವಿನ ತುದಿಗೆ ತೊಡಿಸಿದ ಹಿತ್ತಾಳೆ ಬಳೆಯಿಂದಾಚೆ ಅಣಬೆಯಾಗಿ ಉಬ್ಬುತ್ತದೆ.

ಚಾಕ್ ಕೂಡ ಸಣ್ಣ ರಂಧ್ರಗಳ ಗಟ್ಟಿ. ಕಿಟಕಿಯ ಪಕ್ಕ, ಮೇಜಿನ ಅಂಚಿನಲ್ಲಿ ರಾತ್ರಿಯಿಡೀ ಬಿಟ್ಟರೆ ಅದಕ್ಕೂ ಶೀತ ಹಿಡಿಯುತ್ತದೆ. ಒಣ ಚಾಕ್ ನುಣ್ಣನೆ ಪುಡಿಯಾಗಿ ಟಿಪ್ಪಿಗೆ ಇಳಿದರೆ, ಶೀತ ಹಿಡಿದದ್ದು ಹಿಟ್ಟಿನಂತೆ ಬಳಿದುಕೊಂಡು ಮುದ್ದೆಯಾಗುತ್ತದೆ. ಆ ಮುದ್ದೆ ಒಣಗಿ, ಹೊಡೆತಕ್ಕೆ ಒತ್ತಿಕೊಂಡು, ಗ್ಲೇಜಿಗೆ ಇನ್ನೊಂದು ಪದರ ಸೇರಿಸುತ್ತದೆ. ದೊಡ್ಡ ಪಂದ್ಯಗಳ ಸ್ನೂಕರ್ ಮೇಜಿನಲ್ಲಿ ಬಟ್ಟೆಗೆ ತೇವ ಕೂರದಂತೆ ಕಲ್ಲುಹಾಸಿನ ಕೆಳಗೆ ಬಿಸಿ ಮಾಡುವ ವ್ಯವಸ್ಥೆ ಇರುತ್ತದೆ. ನಮ್ಮ ಕ್ಲಬ್ಬುಗಳಲ್ಲಿ ಅದನ್ನು ನಿರೀಕ್ಷಿಸುವುದು ಹೆಚ್ಚಾಯಿತು. ಆದರೆ ಚಾಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಲು ಯಾರ ಅಪ್ಪಣೆಯೂ ಬೇಡ. ಕ್ಯೂವನ್ನೂ ಗೋಡೆಗೆ ಓರೆಯಾಗಿ ಒರಗಿಸದೆ ಪೆಟ್ಟಿಗೆಯಲ್ಲಿಟ್ಟರೆ ಮರ ಬಾಗುವುದೂ ತಪ್ಪುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಒದ್ದೆಯಾದ ಟಿಪ್ಪನ್ನು ಒಲೆಯ ಹತ್ತಿರ, ಹೀಟರಿನ ಮುಂದೆ ಹಿಡಿದು ಒಣಗಿಸಬಾರದು. ಹಠಾತ್ತನೆ ನೀರು ಬಿಟ್ಟುಕೊಟ್ಟ ಚರ್ಮ ಸೆಟೆದುಕೊಳ್ಳುತ್ತದೆ, ಆಮೇಲೆ ಅದರ ಮೇಲೆ ಯಾವ ಚಾಕೂ ನಿಲ್ಲುವುದಿಲ್ಲ.

ಇನ್ನು ರಿಪೇರಿ. ಟಿಪ್ಪನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಚಾಕ್ ಹಚ್ಚಿದ ಮೇಲೂ ನೀಲಿಯ ನಡುವೆ ಹೊಳೆಯುವ ಬೋಳು ತೇಪೆ ಕಂಡರೆ ಅಲ್ಲಿ ನಾರು ಮಲಗಿದೆ ಎಂದರ್ಥ. ಅನೇಕರು ತಕ್ಷಣ ಉಪ್ಪುಕಾಗದ ತೆಗೆದು ಉಜ್ಜಿಬಿಡುತ್ತಾರೆ. ಇದು ನನಗೆ ತುಂಬ ಬೇಸರ ತರಿಸುವ ಅಭ್ಯಾಸ. ಉಜ್ಜಿದಾಗ ನಾರು ಏಳುವುದು ನಿಜ, ಆದರೆ ಪ್ರತಿ ಸಲ ಒಳ್ಳೆಯ ಚರ್ಮವೂ ಒಂದಿಷ್ಟು ಪುಡಿಯಾಗಿ ಹೋಗುತ್ತದೆ. ಅನುಭವಿ ಮಾರ್ಕರ್ ಮಾಡುವುದೇ ಬೇರೆ. ಅವನು ಕ್ಯೂವನ್ನು ಕಂಕುಳಲ್ಲಿ ಇರುಕಿಕೊಂಡು, ಒರಟು ಅರದ ಚಪ್ಪಟೆ ಮುಖವನ್ನು ಟಿಪ್ಪಿನ ಮೇಲೆ ಮೆಲ್ಲಗೆ ಕುಟ್ಟುತ್ತಾನೆ. ಎಳೆಯುವುದಿಲ್ಲ, ಉಜ್ಜುವುದಿಲ್ಲ. ಕುಟ್ಟುತ್ತ ಕ್ಯೂವನ್ನು ಬೆರಳಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾನೆ. ಅರದ ಹಲ್ಲುಗಳು ಸಿಪ್ಪೆಯಲ್ಲಿ ನೂರಾರು ಗುಳಿ ಮಾಡಿ ನಾರನ್ನು ಎಬ್ಬಿಸುತ್ತವೆ, ಚರ್ಮ ಮಾತ್ರ ಸವೆಯುವುದಿಲ್ಲ. ಇದಕ್ಕೆಂದೇ ಸೂಜಿಮೊನೆಗಳಿರುವ ಉಪಕರಣಗಳೂ ಸಿಗುತ್ತವೆ. ಮಳೆಗಾಲದಲ್ಲಿ ಆಟಕ್ಕೆ ಕೂರುವ ಮುನ್ನ ಇದನ್ನು ಮಾಡಿಕೊಂಡರೆ ಸಾಕು. ಉಪ್ಪುಕಾಗದದ ಸರದಿ ಆಕಾರ ಕೆಟ್ಟಾಗ ಮಾತ್ರ.

ಆಕಾರಕ್ಕೂ ಲೆಕ್ಕವಿದೆ. ಟಿಪ್ಪಿನ ಗುಮ್ಮಟ ಒಂದು ರೂಪಾಯಿ ನಾಣ್ಯದ ಅಂಚಿನ ಬಾಗಿಗೆ ಹತ್ತಿರವಿದ್ದರೆ ಒಳ್ಳೆಯದು, ಅಂದರೆ ಸುಮಾರು ಹತ್ತು ಮಿಲಿಮೀಟರ್ ತ್ರಿಜ್ಯ. ಆಗ ಮೂವತ್ತು ಡಿಗ್ರಿಯ ಹತ್ತಿರದ ಓರೆಯಲ್ಲೂ ಚೆಂಡಿಗೆ ತಾಗುವುದು ಗುಮ್ಮಟದ ಮೈಯೇ. ಟಿಪ್ ಚಪ್ಪಟೆಯಾಗಿದ್ದರೆ ಅಷ್ಟು ಓರೆಗೆ ಬರುವ ಮೊದಲೇ ಅಂಚು ತಾಗುತ್ತದೆ. ಚಾಕ್ ಅತ್ಯಂತ ಕಡಿಮೆ ಇರುವ ಜಾಗವೇ ಆ ಅಂಚು.

ಉಬ್ಬಿದ ಅಂಚನ್ನು ಹರಿತವಾದ ಬ್ಲೇಡಿನಿಂದ ಹಿತ್ತಾಳೆಯ ಮಟ್ಟಕ್ಕೆ ಸವರಿದ ಮೇಲೆ ಹಳಬರು ಒಂದು ಕೆಲಸ ಮಾಡುತ್ತಾರೆ. ಬೆರಳ ತುದಿಗೆ ಎಂಜಲು ಮುಟ್ಟಿಸಿ ಟಿಪ್ಪಿನ ಪಕ್ಕಕ್ಕೆ ಮಾತ್ರ ಹಚ್ಚಿ, ದಪ್ಪ ಕಾಗದವನ್ನು ಸುತ್ತ ಹಿಡಿದು ಕ್ಯೂವನ್ನು ರಭಸದಿಂದ ಹೊರಳಿಸುತ್ತಾರೆ. ಒದ್ದೆಯಾದ ನಾರು ಮೆತ್ತಗಾಗಿ ಒತ್ತಿಕೊಳ್ಳುತ್ತದೆ, ಉಜ್ಜಿದ ಬಿಸಿಗೆ ಅಲ್ಲೇ ಒಣಗಿ ಗಟ್ಟಿಯಾಗುತ್ತದೆ. ಮೇಲ್ಮೈಯಲ್ಲಿ ನಾವು ತಪ್ಪಿಸಬೇಕೆಂದಿದ್ದ ಗ್ಲೇಜನ್ನೇ ಪಕ್ಕದಲ್ಲಿ ಬೇಕೆಂದು ಮಾಡಿಸುವ ಉಪಾಯ ಇದು. ಗಟ್ಟಿಯಾದ ಪಕ್ಕ ಮತ್ತೆ ಬೇಗ ಉಬ್ಬುವುದಿಲ್ಲ, ಹೊರಗಿನ ತೇವವನ್ನೂ ಸುಲಭವಾಗಿ ಒಳಗೆ ಬಿಡುವುದಿಲ್ಲ.

ಚಾಕ್ ಹಚ್ಚುವ ಕೈಯನ್ನೂ ತಿದ್ದಿಕೊಳ್ಳಬೇಕು. ಚಾಕಿನ ಗುಳಿಯೊಳಗೆ ಟಿಪ್ಪನ್ನು ಇಟ್ಟು ಗಿರಗಿರ ತಿರುಗಿಸಿದರೆ ಗುಳಿ ಆಳವಾಗುತ್ತದೆ, ಅದರ ಗೋಡೆ ಹಿತ್ತಾಳೆ ಬಳೆಯನ್ನು ಉಜ್ಜುತ್ತದೆ, ಚಾಕ್ ಒಂದೇ ಕಡೆ ಗುಡ್ಡೆಯಾಗುತ್ತದೆ. ಬಣ್ಣ ಬಳಿಯುವ ಹಾಗೆ ಅಂಚಿನಿಂದ ಹಗುರವಾಗಿ ಸವರಿ, ಒಮ್ಮೆ ಕಣ್ಣಾಡಿಸಿ, ಬಿಟ್ಟ ಜಾಗವಿದ್ದರೆ ಅಲ್ಲಿಗಷ್ಟೇ ಮತ್ತೊಮ್ಮೆ ಮುಟ್ಟಿಸಿದರೆ ಸಾಕು. ಹೆಚ್ಚಾದ ಪುಡಿ ಚೆಂಡಿಗೆ ಅಂಟಿ, ಎರಡು ಚೆಂಡು ತಾಗುವಾಗ ನಡುವೆ ಸಿಕ್ಕಿದರೆ ಅವು ಅಂದುಕೊಂಡ ದಾರಿ ಬಿಟ್ಟು ಜಿಗಿಯುತ್ತವೆ. ಆಟಗಾರರು ಕಿಕ್ ಎನ್ನುವುದು ಇದನ್ನೇ.

ಚರ್ಮ ಸವೆದು ಒಂದೂವರೆ ಮಿಲಿಮೀಟರಿಗಿಂತ ಕೆಳಗಿಳಿದರೆ ಹೊಸ ಟಿಪ್ ಹಾಕಿಸಬೇಕು. ಹಳೆಯ ಅಂಟನ್ನು ಪೂರ್ತಿ ಕೆರೆದು, ಮರದ ತುದಿ ಮತ್ತು ಹಿತ್ತಾಳೆಯ ಅಂಚನ್ನು ಸಮತಟ್ಟು ಮಾಡಿ, ಹೊಸ ಟಿಪ್ಪಿನ ತಳವನ್ನೂ ಉಪ್ಪುಕಾಗದದ ಮೇಲೆ ಉಜ್ಜಿಕೊಳ್ಳಬೇಕು. ಅಂಟಿಗೆ ಹೆಚ್ಚಿನವರು ಬಳಸುವುದು ಫೆವಿಕ್ವಿಕ್. ಅದರೊಳಗಿನ ಸಯನೋಆಕ್ರಿಲೇಟ್ ಗಟ್ಟಿಯಾಗುವುದು ಒಣಗುವುದರಿಂದಲ್ಲ, ಗಾಳಿಯಲ್ಲೂ ವಸ್ತುವಿನ ಮೈಮೇಲೂ ಇರುವ ನೀರಿನ ಸೂಕ್ಷ್ಮ ಅಂಶ ತಾಗಿ ಅಣುಗಳು ಸರಪಳಿ ಕಟ್ಟಿಕೊಳ್ಳುವುದರಿಂದ. ಹಾಗಾಗಿ ಮೂಡಿಗೆರೆಯ ಜುಲೈನಲ್ಲಿ ಅದು ಬೇಗ ಕಚ್ಚುತ್ತದೆ. ಟಿಪ್ಪನ್ನು ನಡುಮಧ್ಯಕ್ಕೆ ಸರಿಪಡಿಸಲು ಸಿಗುವ ಸಮಯ ಕಡಿಮೆ, ದಪ್ಪಗೆ ಹಾಕಿದರೆ ಹೊರಗಿನ ಪದರ ಮೊದಲೇ ಸೆಟೆದು ಬಿಳಿ ಪುಡಿ ಏಳುತ್ತದೆ, ಒಳಗೆ ಹಿಡಿತ ಅರೆಬರೆ. ಒಂದೇ ತೆಳು ಹನಿ ಹಾಕಿ, ಜಾಗ ಸರಿನೋಡಿ, ಕ್ಯೂವನ್ನು ತಲೆಕೆಳಗು ಮಾಡಿ ಗಟ್ಟಿ ನೆಲಕ್ಕೆ ನೇರವಾಗಿ ಒತ್ತಿ ಹಿಡಿಯಬೇಕು. ಹೊಸ ಚರ್ಮ ಮೊದಲ ಕೆಲವು ದಿನದ ಆಟದಲ್ಲಿ ಒತ್ತಿಕೊಂಡು ಆಕಾರ ಬದಲಿಸುವುದರಿಂದ ಮತ್ತೊಮ್ಮೆ ಅಂಚು ಸವರುವ ಕೆಲಸ ಇದ್ದೇ ಇರುತ್ತದೆ. ಆದ್ದರಿಂದ ಪಂದ್ಯದ ಹಿಂದಿನ ದಿನ ಟಿಪ್ ಬದಲಿಸಬೇಡಿ, ಕನಿಷ್ಠ ಒಂದು ವಾರ ಮೊದಲೇ ಹಾಕಿಸಿಕೊಂಡು ಆಡಿ ಪಳಗಿಸಿಕೊಳ್ಳಿ.