ಮುತ್ಯಾನ ಕಲ್ಲು ಓದೋಣ ಬರ್ರಿ

ನಿಮ್ಮ ಮುತ್ಯಾನ ಅಪ್ಪನ ಹೆಸರು ಗೊತ್ತೇನ್ರಿ? ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯಾವ ಮನೆಯಲ್ಲಿ ಈ ಪ್ರಶ್ನೆ ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ. "ಆಯಿ ಇದ್ದಿದ್ರ ಹೇಳ್ತಿದ್ಳು ನೋಡ್ರಿ." ಮೂರನೆಯ ತಲೆಮಾರಿಗೆ ನಮ್ಮ ನೆನಪು ನಿಂತುಬಿಡುತ್ತದೆ. ಆದರೆ ಆ ಹೆಸರು ಪೂರ್ತಿ ಹೋಗಿರಲಿಕ್ಕಿಲ್ಲ. ಊರ ಹೊರಗಿನ ರುದ್ರಭೂಮಿಯಲ್ಲಿ, ಇಲ್ಲವೇ ಕಬ್ಬಿನ ಹೊಲದ ಬದುವಿನ ಮೇಲೆ, ಜಾಲಿಕಂಟಿಯ ಸಂದಿಯಲ್ಲಿ ಒಂದು ಕಲ್ಲಿನ ಮೇಲೆ ಅದು ಇನ್ನೂ ಇರಬಹುದು. ಓದುವವರು ಬೇಕು, ಅಷ್ಟೇ.

ರಾಜರ ಕಲ್ಲುಗಳನ್ನು ಓದುವವರು ಯಾವಾಗಲೂ ಇದ್ದರು. ಬೆಳಗಾವಿ ಸೀಮೆಯ ರಟ್ಟರ ಶಾಸನಗಳನ್ನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಹತ್ತೊಂಬತ್ತನೆಯ ಶತಮಾನದಲ್ಲೇ ಓದಿ ಅಚ್ಚು ಹಾಕಿಸಿದರು. ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಬೈಲಹೊಂಗಲದ ಕಿತ್ತೂರು ಚನ್ನಮ್ಮನ ಸಮಾಧಿ, 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ನಂದಗಡದ ಸಮಾಧಿ ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ಹೊಲ ಉತ್ತು, ಎಮ್ಮೆ ಕಟ್ಟಿ, ಎಂಟು ಮಕ್ಕಳನ್ನು ಸಾಕಿ ಹೋದ ನಮ್ಮ ಮುತ್ಯಾ, ಆಯಿಯ ಕಲ್ಲನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಆ ಕೆಲಸ ಮನೆಯವರದೇ.

ಕಲ್ಲು ಎಲ್ಲೆಲ್ಲಿ ಇರ್ತಾವ?

ನಮ್ಮ ಕಡೆ ಹೂಳುವ ಪದ್ಧತಿ ಇರುವ ಸಮುದಾಯಗಳು ಬಹಳ. ಲಿಂಗಾಯತರು ಮೃತರನ್ನು ಕೂಡಿಸಿ ಮಣ್ಣು ಕೊಡುತ್ತಾರೆ. ಸ್ವಾಮಿಗಳದಾದರೆ ಗದ್ದುಗೆ ಆಗುತ್ತದೆ, ಮನೆಯವರದಾದರೆ ಹೊಲದಲ್ಲೋ ರುದ್ರಭೂಮಿಯಲ್ಲೋ ಒಂದು ಕಟ್ಟೆ. ಮುಸ್ಲಿಮರ ಖಬರಸ್ತಾನದಲ್ಲಿ ಗೋರಿಗಳು, ಕ್ರೈಸ್ತರ ಭೂಮಿಯಲ್ಲಿ ಶಿಲುಬೆಗಳು. ಸುಡುವ ಪದ್ಧತಿ ಇರುವವರಲ್ಲೂ ಕೆಲವು ಮನೆಯವರು ಹೊಲದಲ್ಲಿ ಹಿರಿಯರ ಹೆಸರಿನ ಕಲ್ಲು ನಿಲ್ಲಿಸಿರುತ್ತಾರೆ.

ಈ ಕಲ್ಲುಗಳ ಆಯುಷ್ಯ ಮಾತ್ರ ದಿನೇದಿನೇ ಕಡಿಮೆಯಾಗುತ್ತಿದೆ. ಹೊಲ ಮಾರಿದಾಗ ಹೊಸ ಮಾಲೀಕ ಜೆಸಿಬಿ ತಂದು ನೆಲ ಸಮ ಮಾಡುತ್ತಾನೆ. ಸಂಕೇಶ್ವರ, ಯಮಕನಮರಡಿ ಮೇಲೆ ಹಾಯುವ ಹೆದ್ದಾರಿ ಅಗಲವಾದಂತೆ ಬದಿಯ ಜಮೀನು ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದ್ದನ್ನು ಕಂಡವರಿಗೆ ನದಿದಂಡೆಯ ಮಣ್ಣಿನ ಗತಿ ಏನೆಂದು ಹೇಳಬೇಕಾಗಿಲ್ಲ. ಹಿಡಕಲ್ ಜಲಾಶಯದಲ್ಲಿ ಊರುಗಳೇ ಮುಳುಗಿದವು. ನೀರು ತಗ್ಗಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಕಾಣುತ್ತದೆ, ಜನ ನೋಡಿ ಕೈ ಮುಗಿಯುತ್ತಾರೆ. ಆದರೆ ಊರು ಮುಳುಗಿದರೆ ಊರ ಹೊರಗಿನ ಮಣ್ಣೂ ಮುಳುಗುತ್ತದೆ. ಅಲ್ಲಿಂದ ಎದ್ದು ಬೇರೆ ಕಡೆ ನೆಲೆಸಿದ ಮನೆತನಗಳಿಗೆ ಹಿರಿಯರ ಕಲ್ಲು ಎಂಬುದು ಬರೀ ಮಾತಾಗಿ ಉಳಿದಿದೆ.

ಹೆಳವರು ಹೇಳ್ತಾರಲ್ರೀ!

"ಇದೆಲ್ಲಾ ಯಾಕ ಬೇಕು, ಹೆಳವರು ಬರ್ತಾರಲ್ರೀ" ಎನ್ನುವವರಿದ್ದಾರೆ. ಮಾತು ಖರೆ. ಸುಗ್ಗಿ ಮುಗಿದ ಮೇಲೆ ಗಂಟೆ ಕಟ್ಟಿದ ಎತ್ತಿನ ಮೇಲೆ ಬಂದು, ಅಂಗಳದಲ್ಲಿ ಕೂತು ಮನೆತನದ ಹೆಸರುಗಳನ್ನು ಸರಸರನೆ ಹೇಳುವ ಹೆಳವರು ನಮ್ಮ ನಾಡಿನ ದೊಡ್ಡ ಆಸ್ತಿ. ಒಬ್ಬೊಬ್ಬ ಹೆಳವನಿಗೂ ಅವನದೇ ಊರುಗಳು, ಅವನದೇ ಮನೆತನಗಳು. ಹಿಂದೆ ತಾಳೆಗರಿ, ತಾಮ್ರಪಟ. ಈಗ ದಪ್ಪ ವಹಿಗಳು. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಎದ್ದು ಬಂದರು, ಅಣ್ಣತಮ್ಮರು ಎಲ್ಲಿ ಬೇರೆಯಾದರು ಎಂಬುದು ಕಲ್ಲಿನಲ್ಲಿ ಸಿಗುವುದಿಲ್ಲ, ಅವರ ವಹಿಯಲ್ಲಿ ಸಿಗುತ್ತದೆ.

ಆದರೆ ವಹಿಯಲ್ಲಿ ಹೆಚ್ಚಾಗಿ ಗಂಡುಮಕ್ಕಳ ಸಾಲು. ಸತ್ತ ತಾರೀಖೂ ಅಪರೂಪ. ಕಲ್ಲಿನಲ್ಲಿ ತಾರೀಖು ಇರುತ್ತದೆ, ಅಪ್ಪನ ಅಥವಾ ಗಂಡನ ಹೆಸರು ಇರುತ್ತದೆ, ಕಲ್ಲು ನಿಲ್ಲಿಸಿದ ಮಕ್ಕಳ ಹೆಸರೂ ಕೆಲವೊಮ್ಮೆ ಇರುತ್ತದೆ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. ಹಾಗಾಗಿ ಒಂದೇ ಮನೆತನದಲ್ಲಿ 'ಬಸಪ್ಪ ಮಲ್ಲಪ್ಪ' ಇಬ್ಬರು, ಮೂವರು ಇರುವುದು ಸಾಮಾನ್ಯ. ಯಾವ ಬಸಪ್ಪ ಯಾವಾಗಿನವನು ಎಂದು ಬಿಡಿಸಲು ತಾರೀಖೇ ಬೇಕು. ವಹಿ, ಕಲ್ಲು ಎರಡನ್ನೂ ಪಕ್ಕಪಕ್ಕ ಇಟ್ಟರೆ ವಂಶಾವಳಿ ಗಟ್ಟಿ.

ಉತಾರಕ್ಕೂ ಕಲ್ಲಿಗೂ ಏನು ಸಂಬಂಧ?

ಸಂಬಂಧ ಇದೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಉತಾರಗಳು ಇಂದಿಗೂ ತೀರಿಹೋದ ಅಜ್ಜ, ಮುತ್ಯಾನ ಹೆಸರಿನಲ್ಲೇ ಇವೆ. ಪೌತಿ ಖಾತೆ ಮಾಡಿಸಿ ವಾರಸುದಾರರ ಹೆಸರು ಏರಿಸಬೇಕೆಂದರೆ ಸತ್ತವರ ಮರಣ ದಾಖಲೆ, ವಂಶಾವಳಿ ಬೇಕು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದರ ಪ್ರಕಾರ ಸಾವನ್ನು 21 ದಿನದೊಳಗೆ ಬರೆಸಬೇಕು. ಅದಕ್ಕೂ ಹಿಂದಿನವರದು, ನಂತರವೂ ಬರೆಸದೇ ಬಿಟ್ಟವರದು ದಾಖಲೆ ಹುಡುಕುವುದು ದೊಡ್ಡ ತಾಪತ್ರಯ. ಸತ್ತ ವರ್ಷವೇ ಗೊತ್ತಿಲ್ಲದಿದ್ದರೆ ಕಚೇರಿಯಲ್ಲಿ ಯಾವ ರಿಜಿಸ್ಟರ್ ತೆಗೆಸಬೇಕು? ಕಲ್ಲಿನ ಮೇಲಿನ ಇಸವಿ ಆ ದಾರಿ ತೋರಿಸುತ್ತದೆ.

ಇನ್ನೊಂದು ಮಾತು ಬಹಳ ಮಂದಿಗೆ ಗೊತ್ತಿಲ್ಲ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 32ನೇ ಕಲಮಿನಲ್ಲಿ ಸಮಾಧಿ ಕಲ್ಲಿನ ಹೆಸರು ನೇರವಾಗಿಯೇ ಇತ್ತು. ತೀರಿಹೋದವರ ನಡುವಿನ ರಕ್ತಸಂಬಂಧ, ಮದುವೆ, ದತ್ತಕದ ಬಗ್ಗೆ ಮನೆತನದ ವಂಶಾವಳಿಯಲ್ಲಿ, ಸಮಾಧಿ ಕಲ್ಲಿನ ಮೇಲೆ, ಕುಟುಂಬದ ಚಿತ್ರದ ಮೇಲೆ ಬರೆದಿದ್ದನ್ನು ನ್ಯಾಯಾಲಯ ಪರಿಗಣಿಸಬಹುದು ಎಂದು ಅದು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮಿನಲ್ಲೂ ಈ ಮಾತು ಉಳಿದಿದೆ. ಷರತ್ತು ಒಂದೇ: ತಂಟೆ ಏಳುವುದಕ್ಕಿಂತ ಮೊದಲೇ ಬರೆದಿದ್ದಾಗಿರಬೇಕು. ಜಗಳ ಹುಟ್ಟಿದ ಮೇಲೆ ನಿಲ್ಲಿಸಿದ ಕಲ್ಲಿಗೆ ಆ ಬೆಲೆ ಇಲ್ಲ. ಹಾಗಂತ ಕಲ್ಲೊಂದರಿಂದಲೇ ದಾವೆ ಗೆಲ್ಲಬಹುದು ಎಂದಲ್ಲ. ಉಳಿದ ದಾಖಲೆಗಳ ಜೊತೆ ಅದೂ ಒಂದು ಆಧಾರ. ಆ ಆಧಾರವನ್ನು ನಾವೇ ಜೆಸಿಬಿಗೆ ಕೊಡುತ್ತಿದ್ದೇವೆ.

ಹೆಣ್ಣುಮಕ್ಕಳ ಮಾತು ಇಲ್ಲೇ ಬರುತ್ತದೆ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ವಂಶಾವಳಿ ಬರೆಸುವಾಗ ಮಾತ್ರ "ಅಕಿ ಕೊಟ್ಟ ಮನಿಗೆ ಹೋದ್ಳಲ್ಲ" ಎಂದು ಹೆಸರು ಬಿಡುವುದು ಇನ್ನೂ ನಿಂತಿಲ್ಲ. ಆಯಿಯ ಕಲ್ಲಿನ ಮೇಲೆ ಗಂಡನ ಮನೆಯ ಹೆಸರಷ್ಟೇ ಇದ್ದರೂ ನಿಮ್ಮ ವಹಿಯಲ್ಲಿ ಆಕೆಯ ತವರೂರು, ಅಪ್ಪನ ಹೆಸರು, ಮದುವೆಗೆ ಮುಂಚಿನ ಹೆಸರು ಬರೆಯಿರಿ. ಹೆಣ್ಣುಮಕ್ಕಳನ್ನು ಬಿಟ್ಟ ವಂಶಾವಳಿ ಅರ್ಧ ವಂಶಾವಳಿ.

ಹೋಗುವಾಗ ಏನೇನು ಒಯ್ಯಬೇಕು?

ಒಂದು ನೋಟ್‌ಬುಕ್ಕು, ಪೆನ್ಸಿಲ್ಲು, ಮೊಬೈಲು, ಒಂದು ಬಾಟಲಿ ನೀರು, ಮೆತ್ತನೆ ಬ್ರಷ್ಷು, ಒಂದು ಕೈಗನ್ನಡಿ. ಜೊತೆಗೆ ಊರಿನ ಹಿರಿಯರೊಬ್ಬರು. ಮೊದಲು ಹೊಲದ ಮಾಲೀಕರಿಗೆ, ಖಬರಸ್ತಾನವಾದರೆ ಜಮಾತಿನವರಿಗೆ, ಸಾರ್ವಜನಿಕ ರುದ್ರಭೂಮಿಯಾದರೆ ಪಂಚಾಯಿತಿಯವರಿಗೆ ಒಂದು ಮಾತು ಹೇಳಿ. ಹೇಳದೇ ಹೋಗಿ ಫೋಟೋ ಹೊಡೆದರೆ "ಯಾರದೋ ಹೊಲಾ ಅಳೀಲಿಕ್ಕ ಬಂದಾರ" ಎಂಬ ಸಂಶಯ ಹುಟ್ಟುತ್ತದೆ. ಬೇಸಿಗೆಯಲ್ಲಿ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಹುಲ್ಲು ಬೆಳೆದಿರುತ್ತದೆ, ಹಾವಿನ ಭಯ ಬೇರೆ.

ಮುಂಜಾನೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳೂ ನೆರಳು ಹಿಡಿದು ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಏನೂ ಕಾಣುವುದಿಲ್ಲ. ಗಿಡದ ನೆರಳಿನಲ್ಲಿದ್ದರೆ ಕೈಗನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಕಲ್ಲಿನ ಮೇಲೆ ಹಾಯಿಸಿ. ತಂತಿ ಬ್ರಷ್ಷು, ಆ್ಯಸಿಡ್, ಸಾಬೂನು ಪುಡಿ ಬೇಡವೇ ಬೇಡ. ಅಕ್ಷರಕ್ಕೆ ಸೀಮೆಸುಣ್ಣ ತಿಕ್ಕುವುದೂ ಬೇಡ. ಬರೀ ನೀರು, ಮೆತ್ತನೆ ಬ್ರಷ್ಷು ಸಾಕು. ಹಬ್ಬಕ್ಕೊಮ್ಮೆ ಸುಣ್ಣ, ಆಯಿಲ್ ಪೇಂಟು ಹಚ್ಚುವ ರೂಢಿ ನಮ್ಮಲ್ಲಿದೆ. ಭಕ್ತಿಯಿಂದಲೇ ಹಚ್ಚುತ್ತೇವೆ, ಆದರೆ ಪದರು ಕಟ್ಟಿ ಅಕ್ಷರ ಮುಚ್ಚಿಹೋಗುತ್ತವೆ. ಬಣ್ಣ ಹಚ್ಚುವ ಮುಂಚೆ ಒಂದು ಫೋಟೋ ತೆಗೆದಿಡಿ.

ಪ್ರತಿ ಕಲ್ಲಿಗೂ ಮೂರು ಫೋಟೋ: ಸುತ್ತಲಿನ ಜಾಗದ ಸಮೇತ ಒಂದು, ಇಡೀ ಕಲ್ಲಿನದೊಂದು, ಅಕ್ಷರಗಳದೊಂದು. ಮೊಬೈಲಿನಲ್ಲಿ ಲೊಕೇಶನ್ ಆನ್ ಮಾಡಿದ್ದರೆ ಜಾಗದ ಗುರುತೂ ಫೋಟೋದ ಜೊತೆ ಉಳಿಯುತ್ತದೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಕಲ್ಲಿಗೊಂದು ನಂಬರು ಕೊಟ್ಟು, ಸಾಲಿಗೆ ಸಾಲು, ಇದ್ದದ್ದು ಇದ್ದ ಹಾಗೆ ಬರೆಯಿರಿ. ತಪ್ಪು ಕಾಗುಣಿತ ಇದ್ದರೆ ತಪ್ಪನ್ನೇ ಬರೆಯಿರಿ. ಓದಲಾಗದ ಕಡೆ ಚುಕ್ಕಿ ಇಡಿ, ಊಹೆ ತುಂಬಬೇಡಿ. ಹಿರಿಯರು ಹೇಳಿದ್ದನ್ನು ಬೇರೆ ಕಾಲಮ್ಮಿನಲ್ಲಿ, ಹೇಳಿದವರ ಹೆಸರು, ದಿನಾಂಕದ ಸಮೇತ ಬರೆಯಿರಿ. ಕಲ್ಲು ಹೇಳಿದ್ದು ಬೇರೆ, ಕಾಕಾ ಹೇಳಿದ್ದು ಬೇರೆ. ಎರಡೂ ಬೇಕು, ಆದರೆ ಕೂಡಿಸಬಾರದು.

ಗುರುತಕ್ಷರ, ಇಸವಿ

ಹೆಸರಿನ ಮುಂದಿನ ಪುಟ್ಟ ಅಕ್ಷರಗಳನ್ನು ಬಿಡಬೇಡಿ. 'ಲಿಂ.' ಎಂದರೆ ಲಿಂಗೈಕ್ಯ, 'ಕೈ.' ಎಂದರೆ ಕೈಲಾಸವಾಸಿ, 'ದಿ.' ಎಂದರೆ ದಿವಂಗತ. ಗೋರಿಯ ಮೇಲೆ ಮರ್ಹೂಮ್ ಅಂದರೆ ತೀರಿಹೋದ ಗಂಡಸು, ಮರ್ಹೂಮಾ ಅಂದರೆ ಹೆಂಗಸು. 'ಕೋಂ' ಎಂದಿದ್ದರೆ ಇಂಥವರ ಹೆಂಡತಿ, 'ಬಿನ್' ಎಂದರೆ ಇಂಥವರ ಮಗ, 'ಉರ್ಫ್' ಮುಂದೆ ಇರುವುದು ಕರೆಯುವ ಹೆಸರು. ಗಡಿಭಾಗವಾದ್ದರಿಂದ ಮರಾಠಿ ಕಲ್ಲುಗಳೂ ಸಿಗುತ್ತವೆ. ಓದಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ. ಕನ್ನಡ ಅಂಕಿಯ ಆರು, ಒಂಬತ್ತು ಸವೆದ ಕಲ್ಲಿನ ಮೇಲೆ ಒಂದೇ ಥರ ಕಾಣುತ್ತವೆ. ಮೂವತ್ತು ವರ್ಷದ ಫರಕು ಬೀಳುವುದು ಅಲ್ಲೇ.

ಶಕೆ ಎಂದು ಬರೆದಿದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿಯೊಳಗಿನ ತಿಥಿಯಾದರೆ 79. ಶಕೆ 1869ರ ಶ್ರಾವಣ ಎಂದರೆ 1947. ಬರೀ ಸಂವತ್ಸರದ ಹೆಸರಿದ್ದರೆ ಜಾಗ್ರತೆ, ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಸರ್ವಜಿತ್ ಸಂವತ್ಸರ 1887ರಲ್ಲೂ ಬಂದಿತ್ತು, 1947ರಲ್ಲೂ, 2007ರಲ್ಲೂ. ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಕಡಿಮೆ, ಆದ್ದರಿಂದ ಒಂದೇ ಅಂಕಿ ಕೂಡಿಸಿದರೆ ಆಗದು. ಹಿಜರಿ 1400 ಶುರುವಾದದ್ದು 1979ರ ನವೆಂಬರಿನಲ್ಲಿ ಎಂಬುದನ್ನು ಗುರುತಿಟ್ಟುಕೊಂಡು ಲೆಕ್ಕ ಹಾಕಿ.

ಬರೆದುಕೊಂಡ ಮೇಲೆ ಹಳೇ ಉತಾರ, ಶಾಲೆಯ ದಾಖಲಾತಿ, ಮನೆಯ ಹಳೇ ಲಗ್ನಪತ್ರಿಕೆಗಳ ಜೊತೆ ತಾಳೆ ನೋಡಿ. ಮೂಡಲಗಿ ಮೊದಲು ಗೋಕಾಕ ತಾಲೂಕಿನಲ್ಲೇ ಇತ್ತು. ಆದ್ದರಿಂದ ಆ ಭಾಗದ ಹಳೇ ಕಾಗದ ಹುಡುಕುವವರು ಗೋಕಾಕದಲ್ಲೂ ವಿಚಾರಿಸಬೇಕು. 1956ರ ತನಕ ನಾವು ಮುಂಬೈ ಸರಕಾರದ ಕೈಕೆಳಗಿದ್ದವರು, ಹಾಗಾಗಿ ಹಳೇ ಕಾಗದ ಮರಾಠಿಯಲ್ಲಿದ್ದರೆ, ಮೋಡಿ ಲಿಪಿಯಲ್ಲಿದ್ದರೆ ಗಾಬರಿಯಾಗಬೇಡಿ.

ಜಗತ್ತಿನ ಬೇರೆ ಕಡೆ ಈ ಕೆಲಸ ದೊಡ್ಡದಾಗಿ ನಡೆದಿದೆ. ಭಾರತದಲ್ಲಿ ಸತ್ತ ತಮ್ಮವರ ಗೋರಿಗಳನ್ನು ದಾಖಲಿಸಲು ಇಂಗ್ಲೆಂಡಿನವರು 1976ರಲ್ಲೇ ಒಂದು ಸಂಘ ಕಟ್ಟಿದರು. ಫೈಂಡ್ ಎ ಗ್ರೇವ್, ಬಿಲಿಯನ್ ಗ್ರೇವ್ಸ್ ಎಂಬ ತಾಣಗಳಲ್ಲಿ ಯಾರು ಬೇಕಾದರೂ ಫೋಟೋ ಏರಿಸಬಹುದು. ಏರಿಸುವ ಮುನ್ನ ಮನೆಯವರನ್ನು ಕೇಳಿ. ಇತ್ತೀಚೆಗೆ ತೀರಿಕೊಂಡವರ ಕಲ್ಲು, ಬದುಕಿರುವ ಮಕ್ಕಳ ಹೆಸರು ಇರುವ ಕಲ್ಲು ಮನೆಯ ವಹಿಯಲ್ಲೇ ಇರಲಿ.

ಕಲ್ಲೇ ಇಲ್ಲದವರು

ಯಾವ ರುದ್ರಭೂಮಿಗೆ ಹೋದರೂ ಕಲ್ಲಿರುವುದು ಕೆಲವರಿಗೆ ಮಾತ್ರ. ಉಳಿದವರಿಗೆ ಒಂದು ಮಣ್ಣಿನ ಗುಪ್ಪೆ, ತಲೆದೆಸೆಗೆ ಒಂದು ಬೋಳುಗಲ್ಲು, ಅದೂ ಎರಡು ಮಳೆಗಾಲದ ತನಕ. ಕೂಲಿಯವರು, ಬಾಣಂತನದಲ್ಲಿ ತೀರಿದವರು, ಕೂಸುಗಳು, ಊರು ಬೇರೆ ಜಾಗ ತೋರಿಸಿದ ಕೇರಿಯವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರಿಗೆ ಸಾಕ್ಷಿ ಎಂದರೆ "ಇಲ್ಲೇ ನಮ್ಮವ್ವನ್ನ ಇಟ್ಟೇವಿ" ಎಂದು ಬೆರಳು ಮಾಡಿ ತೋರಿಸುವ ಒಬ್ಬ ಮುದುಕ ಅಥವಾ ಮುದುಕಿ. ಹಾಗಾಗಿ ಕಲ್ಲು ಓದುವುದಕ್ಕಿಂತ ಮೊದಲು ಅವರನ್ನು ಕೇಳಿ. ಕಲ್ಲು ಇನ್ನೂ ಹತ್ತು ವರ್ಷ ಕಾಯಬಹುದು, ಎಂಬತ್ತೈದರ ಆಯಿ ಕಾಯುವುದಿಲ್ಲ.

ಸೀಗಿ ಹುಣ್ಣಿಮೆಗೋ ಎಳ್ಳ ಅಮಾವಾಸ್ಯೆಗೋ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೀರಲ್ಲ, ಅದಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ. ಬುತ್ತಿ ಬಿಚ್ಚುವ ಮುಂಚೆ ಮಕ್ಕಳ ಕೈಗೆ ನೋಟ್‌ಬುಕ್ಕು ಕೊಟ್ಟು ಹಿರಿಯರ ಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿ. ಒಬ್ಬರು ಓದಲಿ, ಒಬ್ಬರು ಬರೆಯಲಿ, ಅತ್ತೆಯೋ ದೊಡ್ಡಪ್ಪನೋ ತಪ್ಪಿದ್ದನ್ನು ತಿದ್ದಲಿ. ಬರೆದದ್ದಕ್ಕೆ ನಾಲ್ಕು ಝೆರಾಕ್ಸ್ ತೆಗೆಸಿ ಅಣ್ಣತಮ್ಮರ ಮನೆಗಳಿಗೆ ಒಂದೊಂದು, ಕೊಟ್ಟ ಮನೆಯ ಹೆಣ್ಣುಮಕ್ಕಳಿಗೂ ಒಂದೊಂದು ಕೊಡಿ. ಒಂದು ಮನೆಯ ವಹಿ ಹುಳ ಹಿಡಿದರೂ ಇನ್ನೊಂದು ಮನೆಯಲ್ಲಿ ಹೆಸರು ಉಳಿದಿರುತ್ತದೆ.