ಅನ್ಯನಕ್ಷತ್ರಗ್ರಹಗಳ ಪ್ರತ್ಯಕ್ಷದರ್ಶನ

ಇರುವ ವಸ್ತುವೂ ಕೆಲವು ವೇಳೆ ಕಣ್ಣಿಗೆ ಗೋಚರಿಸುವುದಿಲ್ಲ. ಇದಕ್ಕೆ ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಎಂಟು ಕಾರಣಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಅತಿದೂರ, ಅಭಿಭವ, ಸಮಾನಾಭಿಹಾರ ಎಂಬ ಮೂರು ಪ್ರಕೃತಕ್ಕೆ ಬೇಕಾದುವು. ಪ್ರಬಲವಾದುದು ದುರ್ಬಲವಾದುದನ್ನು ಅಡಗಿಸುವುದು ಅಭಿಭವ. ಹಗಲಿನಲ್ಲಿ ಸೂರ್ಯಪ್ರಭೆಯಿಂದ ಗ್ರಹನಕ್ಷತ್ರಗಳು ತೋರದಿರುವುದನ್ನು ವಾಚಸ್ಪತಿಮಿಶ್ರನು ಇದಕ್ಕೆ ಉದಾಹರಿಸಿದ್ದಾನೆ. ಸದೃಶವಸ್ತುಗಳಲ್ಲಿ ಬೆರೆತುಹೋಗುವುದು ಸಮಾನಾಭಿಹಾರ. ಕೆರೆಯಲ್ಲಿ ಬಿದ್ದ ಮಳೆಯ ಹನಿಯಂತೆ. ಅನ್ಯನಕ್ಷತ್ರಗಳನ್ನು ಸುತ್ತುವ ಗ್ರಹಗಳನ್ನು ಕಾಣಲು ಇಂದಿನ ಜ್ಯೋತಿರ್ವಿದರು ಮಾಡುತ್ತಿರುವ ಪ್ರಯತ್ನವನ್ನು ಈ ಮೂರು ಪ್ರತಿಬಂಧಗಳ ನಿವಾರಣೆಯೆಂದೇ ವಿವರಿಸಬಹುದು.

1995ರಲ್ಲಿ ಸ್ವಿಟ್ಜರ್‌ಲೆಂಡಿನ ಮಯೋರ್ ಮತ್ತು ಕೆಲೋ ಎಂಬ ವಿದ್ವಾಂಸರು 51 ಪೆಗಾಸಿ ಎಂಬ ನಕ್ಷತ್ರದ ಓಲಾಟವನ್ನು ಅಳೆದು, ಅದಕ್ಕೊಂದು ಗ್ರಹವುಂಟೆಂದು ನಿರ್ಣಯಿಸಿದರು. ಅನಂತರ ತಿಳಿದುಬಂದ ಗ್ರಹಗಳಲ್ಲಿಯೂ ಬಹುಪಾಲು, ಧೂಮದಿಂದ ವಹ್ನಿಯನ್ನು ಊಹಿಸಿದಂತೆ, ಅನುಮಾನದಿಂದಲೇ ಸಿದ್ಧವಾದುವು. ಆದರೆ ಭೂಮಿಯಂತಹ ಗ್ರಹವೊಂದರಲ್ಲಿ ನೀರಾವಿಯುಂಟೆ, ಆಮ್ಲಜನಕವುಂಟೆ ಎಂದು ಅರಿಯಬೇಕಾದರೆ, ಆ ಗ್ರಹದ ಬೆಳಕನ್ನೇ ಬೇರ್ಪಡಿಸಿ ಪರೀಕ್ಷಿಸುವುದು ಮುಖ್ಯೋಪಾಯವಾಗಿದೆ.

ಅತಿದೂರದ ಪ್ರತಿಬಂಧವು ದೊಡ್ಡ ದೂರದರ್ಶಕಗಳಿಂದ ಬಹುಮಟ್ಟಿಗೆ ತೀರುವುದು. ಅಭಿಭವವೇ ಕಠಿನವಾದುದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಭೂಮಿಯ ಹೊಳಪು ಸೂರ್ಯನ ಹೊಳಪಿನ ಸುಮಾರು ಸಾವಿರ ಕೋಟಿಯಲ್ಲೊಂದು ಪಾಲು ಮಾತ್ರ. ನಕ್ಷತ್ರಕ್ಕೆ ಮರೆಯೊಡ್ಡಿದರೆ ಸಾಲದೆ ಎಂದು ಶಂಕೆ ಬರಬಹುದು. ಸಾಲದು, ಏಕೆಂದರೆ ಬೆಳಕು ತರಂಗರೂಪವಾದುದರಿಂದ ದೂರದರ್ಶಕದ ಅಂಚಿನಲ್ಲಿ ಬಾಗಿ, ಮರೆಯ ಸುತ್ತಲೂ ಹರಡಿಕೊಳ್ಳುತ್ತದೆ. ಇದರ ಪರಿಹಾರವನ್ನು ಫ್ರಾನ್ಸಿನ ಬರ್ನಾರ್ ಲಿಯೋ ಅವರು 1930ರ ಸುಮಾರಿಗೆ, ಗ್ರಹಣವಿಲ್ಲದ ಕಾಲದಲ್ಲಿಯೂ ಸೂರ್ಯನ ಪ್ರಭಾವಲಯವನ್ನು ನೋಡುವ ಉದ್ದೇಶದಿಂದ, ಕಂಡುಹಿಡಿದರು. ಅವರ ಕರೋನಾಗ್ರಾಫ್ ಎಂಬ ಯಂತ್ರದಲ್ಲಿ ಮೊದಲನೆಯ ಬಿಲ್ಲೆಯು ಸೂರ್ಯಬಿಂಬವನ್ನು ಮರೆಮಾಡುತ್ತದೆ. ಅಂಚಿನಲ್ಲಿ ಬಾಗಿದ ಬೆಳಕನ್ನು ಒಂದು ಮಸೂರವು ಮತ್ತೆ ಉಂಗುರದಂತೆ ಒಟ್ಟುಗೂಡಿಸಲು, ಅಲ್ಲಿರಿಸಿದ ಎರಡನೆಯ ತಡೆ ಅದನ್ನು ನಿಲ್ಲಿಸುತ್ತದೆ. ಪಕ್ಕದ ಮಂದಪ್ರಕಾಶವು ನಡುವಣ ರಂಧ್ರದಿಂದ ಮುಂದೆ ಸಾಗುತ್ತದೆ. ಇದೇ ತತ್ತ್ವವನ್ನು ಈಗ ನಕ್ಷತ್ರಗಳಿಗೂ ಅನ್ವಯಿಸಿದ್ದಾರೆ.

ಅಭಿಭವವು ತಗ್ಗಿದೊಡನೆ ಸಮಾನಾಭಿಹಾರವು ತಲೆಯೆತ್ತುತ್ತದೆ. ಕನ್ನಡಿಯ ಅತ್ಯಲ್ಪ ದೋಷಗಳಿಂದಲೂ ವಾಯುವಿನ ಚಾಂಚಲ್ಯದಿಂದಲೂ, ಉಳಿದ ನಕ್ಷತ್ರಪ್ರಕಾಶವು ಚುಕ್ಕೆಗಳಾಗಿ ಒಡೆದು, ಒಂದೊಂದು ಚುಕ್ಕೆಯೂ ಗ್ರಹದಂತೆ ತೋರುವುದು. ವಾಯುವಿನ ವಿಕಾರವನ್ನು ದೂರದರ್ಶಕದೊಳಗೇ ಕ್ಷಣಕ್ಷಣಕ್ಕೂ ಸರಿಪಡಿಸುವ ಉಪಾಯವನ್ನು ಅಮೆರಿಕದ ಹೊರೇಸ್ ಬ್ಯಾಬ್‌ಕಾಕ್ ಅವರು 1953ರಲ್ಲಿ ಸೂಚಿಸಿದರು. ಇಂದು ರೂಪವನ್ನು ಬದಲಿಸಬಲ್ಲ ಕನ್ನಡಿಗಳು ಆ ಕೆಲಸವನ್ನು ಮಾಡುತ್ತವೆ. ಆಮೇಲೂ ಉಳಿದ ಚುಕ್ಕೆಗಳನ್ನು ಲಕ್ಷಣಭೇದದಿಂದ ವಿಂಗಡಿಸಬೇಕು. ಭೂಭ್ರಮಣದಿಂದ ಆಕಾಶವು ಯಂತ್ರದ ಮುಂದೆ ತಿರುಗುವಾಗ, ಯಂತ್ರಜನ್ಯವಾದ ಚುಕ್ಕೆಗಳು ಇದ್ದಲ್ಲಿಯೇ ಇರುವುವು. ನಿಜವಾದ ಗ್ರಹವು ಆಕಾಶದೊಡನೆ ತಿರುಗುವುದು. ಈ ಕ್ರಮದಿಂದ ಎಚ್‌ಆರ್ 8799 ಎಂಬ ನಕ್ಷತ್ರದ ಮೂರು ಗ್ರಹಗಳು ಚಿತ್ರಗಳಲ್ಲಿ ಕಂಡುವೆಂದು 2008ರಲ್ಲಿಯೂ, ನಾಲ್ಕನೆಯದು ಕಂಡಿತೆಂದು 2010ರಲ್ಲಿಯೂ ಪ್ರಕಟವಾಯಿತು.

ಆ ಗ್ರಹಗಳು ಹೊಸವು, ಬೃಹತ್ತಾದುವು, ಸ್ವಂತ ತಾಪದಿಂದಲೇ ಬೆಳಗುವಂಥವು. ಸೂರ್ಯಸದೃಶವಾದ ನಕ್ಷತ್ರದ ಬಳಿಯಲ್ಲಿ ಭೂಮಿಯಂತೆ ಪರಪ್ರಕಾಶದಿಂದ ಹೊಳೆಯುವ ಸಣ್ಣ ಗ್ರಹವು ಇನ್ನೂ ಯಾವ ಚಿತ್ರಕ್ಕೂ ಸಿಕ್ಕಿಲ್ಲ. ನಮ್ಮ ಪ್ರಾಚೀನರು ಈ ಯಂತ್ರಗಳನ್ನು ಅರಿತಿದ್ದರೆಂದು ಮೇಲಣ ಹೋಲಿಕೆಯಿಂದ ಸಾಧಿಸತಕ್ಕದ್ದಲ್ಲ. ಅನುಪಲಬ್ಧಿಮಾತ್ರದಿಂದ ಅಭಾವವನ್ನು ಹೇಳಬಾರದು, ಅದರ ಕಾರಣವನ್ನು ಮೊದಲು ವಿಂಗಡಿಸಬೇಕು ಎಂಬ ಅವರ ವಿಚಾರಕ್ರಮವು ಇಲ್ಲಿಯೂ ಸಲ್ಲುವುದೆಂಬುದಷ್ಟೇ ನಮ್ಮ ಅಭಿಪ್ರಾಯ.